ಕುಂಬಳೆ ಕಡೆ ಮನೆ ಕೊಳ್ಳುವ ಮೊದಲು: ಹಳೆ ಪತ್ರ ಕನ್ನಡ, ಹೊಸ ಪತ್ರ ಮಲಯಾಳ

ನೀವು ಹುಬ್ಬಳ್ಳಿ ಕಡೆಯವರು, ಕೆಲಸದ ಮೇಲೆ ಇಲ್ಲಿಗೆ ಬಂದವರು. ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ 12 ಸೆಂಟು ಜಾಗೆ, ಅದರಲ್ಲೊಂದು ಹಂಚಿನ ಮನೆ ನೋಡಿಟ್ಟಿದ್ದೀರಿ. ಕರ್ನಾಟಕದವರು ಕೇರಳದಲ್ಲಿ ಮನೆ ಕೊಳ್ಳಬಹುದಾ ಎಂದು ಕೇಳಿದಿರಿ. ಧಾರಾಳವಾಗಿ ಕೊಳ್ಳಬಹುದು. ಆದರೆ ಅಡ್ವಾನ್ಸ್ ಕೊಡುವ ಮೊದಲು ಒಂದು ಕೆಲಸ ಮಾಡಿ. ಆ ಜಾಗೆಯ ಹಳೆ ಕನ್ನಡ ಪತ್ರ, ಈಗಿನ ಮಲಯಾಳ ಪತ್ರ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು, ಎರಡೂ ಭಾಷೆ ಗೊತ್ತಿರುವ ವಕೀಲರಿಂದ ಓದಿಸಿ.

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ನಮಗೆ ಮಂಗಳೂರೇ ಜಿಲ್ಲಾ ಕೇಂದ್ರ. ಜಾಗೆಯ ಕಾಗದಪತ್ರ ಕನ್ನಡದಲ್ಲಿ ನಡೆಯುತ್ತಿತ್ತು. ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಪತ್ರ ಈಗಲೂ ಇದೆ. ಮಡಿಚಿದ ಕಡೆಯೆಲ್ಲ ಹರಿದು, ಹಿಂದಿನಿಂದ ತೆಳು ಬಟ್ಟೆ ಅಂಟಿಸಿದ್ದಾರೆ. ಮೂಡು ತೋಡು, ತೆಂಕು ಓಣಿ, ಪಡು ವರ್ಗದ ಜಾಗೆ, ಬಡಗು ಕುಮ್ಕಿ ಎಂದು ಚಕ್ಕುಬಂದಿ ಬರೆದಿದೆ. ಮಲಯಾಳದಲ್ಲಿ ತೆಕ್ಕ್ ಅಂದರೆ ನಮ್ಮ ತೆಂಕು, ವಡಕ್ಕ್ ಅಂದರೆ ಬಡಗು, ಪಡಿಞ್ಞಾರ್ ಅಂದರೆ ಪಡು. ಇವು ಸುಲಭವಾಗಿ ಹೊಂದುತ್ತವೆ. ಮೂಡಿಗೆ ಮಾತ್ರ ಅವರು ಕಿಳಕ್ಕ್ ಅನ್ನುತ್ತಾರೆ.

ಆ 'ಕುಮ್ಕಿ' ಎಂಬ ಪದದ ಹತ್ತಿರ ಸ್ವಲ್ಪ ನಿಲ್ಲಿ. ಘಟ್ಟದ ಮೇಲಿನವರಿಗೆ ಇದು ಗೊತ್ತಿರುವುದಿಲ್ಲ. ಹಳೆ ವರ್ಗ ಜಾಗೆಗೆ, ಅಂದರೆ ಖಾಸಗಿ ಪಟ್ಟಾ ಜಾಗೆಗೆ, ತಾಗಿಕೊಂಡು ಸುಮಾರು 100 ಗಜದೊಳಗಿನ ಸರಕಾರಿ ಜಾಗೆಯಲ್ಲಿ ಸೊಪ್ಪು, ಸೌದೆ, ಹುಲ್ಲು ತೆಗೆದುಕೊಳ್ಳುವ ಸೌಲಭ್ಯ ವರ್ಗದಾರರಿಗಿತ್ತು. ಅದೇ ಕುಮ್ಕಿ. ಅನುಭವಿಸುವುದು ವರ್ಗದಾರರು, ಒಡೆತನ ಸರಕಾರದ್ದು. ತಲೆತಲಾಂತರದಿಂದ ಅಲ್ಲಿ ಗೇರು, ತೆಂಗು ನೆಟ್ಟವರು ಅದನ್ನು ನಮ್ಮದೇ ಅಂದುಕೊಳ್ಳುತ್ತಾರೆ. ಮೋಸದ ಮನಸ್ಸೇನೂ ಇರುವುದಿಲ್ಲ, ರೂಢಿ ಹಾಗಿದೆ. ನನ್ನ ಚಿಕ್ಕಪ್ಪ ಒಂದು ಮನೆ ಕೊಂಡಾಗ ಬೇಲಿಯ ಒಳಗೆ ಒಳ್ಳೆ ಸಿಹಿನೀರಿನ ಬಾವಿ ಇತ್ತು. ಆ ಬಾವಿ ನೋಡಿಯೇ ಚಿಕ್ಕಮ್ಮ ಮನೆ ಒಪ್ಪಿದ್ದು. ರಿಜಿಸ್ಟ್ರಿ ಆಗಿ ಎರಡು ವರ್ಷದ ಮೇಲೆ ಅಳತೆ ಮಾಡಿಸಿದರೆ ಬಾವಿ ಕುಮ್ಕಿಯಲ್ಲಿ ಬಿತ್ತು. ಚಿಕ್ಕಮ್ಮ ಅವತ್ತು ಬಾವಿಕಟ್ಟೆ ಮೇಲೆ ಕೂತವರು ಸಂಜೆವರೆಗೂ ಏಳಲಿಲ್ಲ. ಹಾಗಾಗಿ ಬೇಲಿ ನೋಡಿ ದರ ಮಾತಾಡಬೇಡಿ. ಸರ್ವೆಯರನ್ನು ಕರೆಸಿ, ಗಡಿಕಲ್ಲು ಹುಡುಕಿಸಿ, ಆಮೇಲೆ ದರ ಮಾತಾಡಿ.

ಇನ್ನು ಕಾಗದದ ಹೆಸರುಗಳು. ಇಲ್ಲಿ ಆರ್‌ಟಿಸಿ ಇಲ್ಲ, ಖಾತಾ ಎಂಬ ಮಾತೂ ಇಲ್ಲ. ಕ್ರಯಪತ್ರಕ್ಕೆ 'ಆಧಾರ' ಅನ್ನುತ್ತಾರೆ, ಅದರ ಹಿಂದಿನ ಪತ್ರ 'ಮುನ್ನಾಧಾರ'. ಭೂತೆರಿಗೆಗೆ ನಮ್ಮವರು ತೀರ್ವೆ ಅನ್ನುವುದು. ವಿಲ್ಲೇಜ್ ಆಫೀಸಿನಲ್ಲಿ ಮಾಲೀಕರ ಹೆಸರಿಗಿರುವ ನಂಬರು ತಂಡಪೇರು, ಹೆಸರು ಬದಲಾವಣೆ ಪೋಕುವರವು. ಈಸಿಗೆ, ಅಂದರೆ ಋಣಭಾರ ಪತ್ರಕ್ಕೆ, 'ಕುಡಿಕ್ಕಡ' ಸರ್ಟಿಫಿಕೇಟ್ ಅನ್ನುತ್ತಾರೆ, 30 ವರ್ಷದ್ದು ತೆಗೆಸಿ. ಆದರೆ ಅದೊಂದನ್ನೇ ನಂಬಬೇಡಿ. ಮೂಲಪತ್ರವನ್ನು ಅಡವಿಟ್ಟು ತೆಗೆದ ಸಾಲ ಕೆಲವೊಮ್ಮೆ ಅದರಲ್ಲಿ ಕಾಣುವುದಿಲ್ಲ. ಮಾರುವವರು ಮೂಲ ಆಧಾರ ತೋರಿಸದೆ ಜೆರಾಕ್ಸ್ ಮಾತ್ರ ಕೊಟ್ಟರೆ, ಮೂಲ ಎಲ್ಲಿದೆ ಅಂತ ಬಾಯಿಬಿಟ್ಟು ಕೇಳಿ.

ಅಳತೆಯೂ ಬೇರೆ. ನಿಮ್ಮ ಮೂವತ್ತು-ನಲವತ್ತರ ಸೈಟು ಇಲ್ಲಿಯ ಎರಡೂ ಮುಕ್ಕಾಲು ಸೆಂಟು. ಒಂದು ಸೆಂಟು 435.6 ಚದರಡಿ. ತೀರ್ವೆ ರಶೀದಿಯಲ್ಲಿ ಸೆಂಟಿನ ಬದಲು 'ಆರ್' (100 ಚದರ ಮೀಟರ್) ಲೆಕ್ಕ ಇರುತ್ತದೆ. ನಿಮ್ಮ 12 ಸೆಂಟು ಅದರಲ್ಲಿ 4.86 ಆರ್ ಆಗಬೇಕು. ಕಡಿಮೆ ಕಂಡರೆ ಅಲ್ಲೇ ನಿಲ್ಲಿಸಿ.

ಅದೇ ರಶೀದಿಯಲ್ಲಿ ಜಾಗೆ ಯಾವ ಬಗೆಯದು ಅಂತಲೂ ಇರುತ್ತದೆ. 'ಪುರಯಿಡಂ' ಅಂದರೆ ಹಿತ್ತಿಲು, ಮನೆಗೆ ತೊಂದರೆ ಇಲ್ಲ. 'ನಿಲಂ' ಅಂತಿದ್ದರೆ ಗದ್ದೆ. ಈಗ ಅಲ್ಲಿ ಮಣ್ಣು ತುಂಬಿ ಅಡಿಕೆ ಮರ ಎದ್ದು ನಿಂತಿರಬಹುದು, ಆದರೂ ದಾಖಲೆಯಲ್ಲಿ ಅದು ಗದ್ದೆಯೇ. ಕೇರಳದಲ್ಲಿ 2008ರಿಂದ ಗದ್ದೆ ಮತ್ತು ಜೌಗು ಭೂಮಿ ಉಳಿಸುವ ಕಾನೂನಿದೆ. ಗದ್ದೆಗಳ ಪಟ್ಟಿಗೆ ಡೇಟಾ ಬ್ಯಾಂಕ್ ಅನ್ನುತ್ತಾರೆ. ಅದರಲ್ಲಿ ನಿಮ್ಮ ಸರ್ವೆ ನಂಬರು ಇದೆಯಾ ಅಂತ ಕೃಷಿಭವನದಲ್ಲಿ ಕೇಳಿ. ಇದ್ದರೆ ನಾಳೆ ಒಂದು ಕೋಣೆ ಕಟ್ಟಲಿಕ್ಕೂ ಪರ್ಮಿಟ್ ಸಿಗುವುದು ಕಷ್ಟ. ಹಳೆ ಕನ್ನಡ ಪತ್ರ ಇಲ್ಲೂ ಸಹಾಯಕ್ಕೆ ಬರುತ್ತದೆ. ಬೈಲು, ಮಜಲು, ಬೆಟ್ಟು ಎಂಬ ಮೂರೂ ಗದ್ದೆಯ ಹೆಸರುಗಳು. ಅವು ಪತ್ರದಲ್ಲಿ ಕಂಡರೆ ಆ ಜಾಗೆ ಒಂದು ಕಾಲಕ್ಕೆ ಗದ್ದೆಯಾಗಿತ್ತು ಅಂತಲೇ ತಿಳಿಯಿರಿ.

ನೀವು ನೋಡಿದ್ದು ಕುಟುಂಬದ ಮನೆ ಅಂದಿರಿ. ಹಾಗಾದರೆ ಪಾಲುಪಟ್ಟಿ ನೋಡಲೇಬೇಕು. ಇಲ್ಲಿ ಎಷ್ಟೋ ಮನೆತನಗಳಲ್ಲಿ ಅಳಿಯಸಂತಾನ ಕಟ್ಟು ಇತ್ತು, ಆಸ್ತಿ ಹೆಣ್ಣಿನ ಸಂತಾನಕ್ಕೆ. ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದು ಮಾಡಿದ ಕಾನೂನು 1976ರ ಡಿಸೆಂಬರ್ 1ರಿಂದ ಜಾರಿಗೆ ಬಂತು. ಅವತ್ತು ಕುಟುಂಬದಲ್ಲಿದ್ದ ಒಬ್ಬೊಬ್ಬರಿಗೂ ಅವರವರ ಪಾಲು ಬಂತು. ಪತ್ರ ಮಾಡಿ ಪಾಲು ಮಾಡಿಕೊಳ್ಳದಿದ್ದರೆ ಆ ಮನೆಯ ಹೆಣ್ಣುಮಕ್ಕಳ ಮಕ್ಕಳದ್ದು ಮಾತ್ರವಲ್ಲ, ಮುಂಬೈಯಲ್ಲಿ ಹೋಟೆಲ್ ಇಟ್ಟ ಸೋದರಮಾವನ ಸಹಿಯೂ, ಅವರು ತೀರಿಹೋಗಿದ್ದರೆ ಅವರ ಮಕ್ಕಳ ಸಹಿಯೂ ಬೇಕಾಗಬಹುದು. ಅವರು ಗಲ್ಫಿನಲ್ಲಿದ್ದರೆ ಅಲ್ಲಿಯ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಮುಖ್ತ್ಯಾರು ಪತ್ರ ಬೇಕು. ಅದು ಭಾರತಕ್ಕೆ ಬಂದ 3 ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಬೇಕು. ಹಿತ್ತಿಲಿನಲ್ಲಿ ನಾಗಬನವೋ ದೈವದ ಕಟ್ಟೆಯೋ ಇದ್ದರೆ ಅದನ್ನೂ ಮೊದಲೇ ಮಾತಾಡಿ. ವರ್ಷಕ್ಕೊಮ್ಮೆ ತಂಬಿಲಕ್ಕೆ, ಅಂದರೆ ನಾಗ-ದೈವಗಳ ಪೂಜೆಗೆ, ಕುಟುಂಬದವರು ಬರುತ್ತಾರೆ. ಬರುವ ದಾರಿ ಯಾವುದು, ಆ ಜಾಗೆ ಯಾರಿಗೆ ಉಳಿಯುತ್ತದೆ ಎಂಬುದು ಆಧಾರದಲ್ಲೇ ಬರೆದಿರಲಿ. ಹಾಗೆ ಬರೆಸಿಕೊಂಡವರ ಮನೆಗೆ ತಂಬಿಲದ ದಿನ ಪ್ರಸಾದ ಮೊದಲು ಬರುವುದನ್ನು ನಾನು ಕಂಡಿದ್ದೇನೆ.

ಖರ್ಚಿನ ಮಾತು. ಮುದ್ರಾಂಕ ಶುಲ್ಕ 8%, ನೋಂದಣಿ 2%. ನೀವು ಕೊಡುವ ಬೆಲೆ, ಸರಕಾರ ಇಟ್ಟ 'ನ್ಯಾಯವಿಲ' ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ. 40 ಲಕ್ಷದ ಮನೆಗೆ 4 ಲಕ್ಷ ಇದಕ್ಕೇ ಹೋಗುತ್ತದೆ, ಪತ್ರ ಬರೆಯುವವರ ಫೀಸು ಬೇರೆ. ಮುಂಗಡ 20,000 ರೂಪಾಯಿ ಅಥವಾ ಜಾಸ್ತಿ ಇದ್ದರೆ ನಗದು ಬೇಡ, ಬ್ಯಾಂಕಿನ ಮೂಲಕವೇ ಕೊಡಿ.

ರಿಜಿಸ್ಟ್ರಿ ಆದಮೇಲೆ ಪೋಕುವರವು ಮಾಡಿಸಿ, ನಿಮ್ಮ ಹೆಸರಿನಲ್ಲಿ ತೀರ್ವೆ ಕಟ್ಟಿ. ಮನೆಯ ತೆರಿಗೆ ಪಂಚಾಯತಿನದ್ದು, ಅಲ್ಲಿ ಹೆಸರು ಬದಲಾಯಿಸುವುದು ಬೇರೆಯೇ ಕೆಲಸ. ರಿಜಿಸ್ಟ್ರಿ, ಕಂದಾಯ, ಸರ್ವೆ ಮೂರನ್ನೂ ಒಂದೇ ಕಡೆ ಜೋಡಿಸುವ 'ಎಂಡೆ ಭೂಮಿ' ಪೋರ್ಟಲ್ 2024ರಲ್ಲಿ ಮೊದಲು ಬಂದದ್ದು ನಮ್ಮದೇ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮಕ್ಕೆ.

ಮಲಯಾಳ ಬಾರದಿದ್ದರೆ ಆಫೀಸಿನಲ್ಲಿ ಏನು ಮಾಡುವುದು ಅಂತ ಕೊನೆಗೆ ಕೇಳಿದಿರಿ. ಕನ್ನಡದಲ್ಲೇ ಅರ್ಜಿ ಕೊಡಿ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಇಲ್ಲಿಯ ಕನ್ನಡಿಗರಿಗೆ ಆ ಹಕ್ಕು ಕೊಟ್ಟಿದೆ, ಉತ್ತರವನ್ನೂ ಕನ್ನಡದಲ್ಲೇ ಕೊಡಬೇಕು ಅನ್ನುತ್ತದೆ. ನಾನು ಈಗಲೂ ವಿಲ್ಲೇಜ್ ಆಫೀಸಿಗೆ ಕನ್ನಡದಲ್ಲೇ ಬರೆಯುವುದು. ಓದಲು ಬಾರದ ಗುಮಾಸ್ತರಿದ್ದರೆ ಪಕ್ಕದಲ್ಲಿ ನಿಂತು ಓದಿ ಹೇಳುತ್ತೇನೆ. ನಿಮ್ಮ ಅರ್ಜಿಯ ದಿನ ಫೋನ್ ಮಾಡಿ, ನಾನೂ ಬರುತ್ತೇನೆ. ಅಜ್ಜನ ಪತ್ರವನ್ನೂ ತರುತ್ತೇನೆ, ನಿಮ್ಮ ಜಾಗೆಯ ಹಳೆ ಪತ್ರದ ಅಕ್ಷರ ಹೊಂದಿಸಿ ಓದಲಿಕ್ಕೆ.