ಸೋಲಾರ್ ಲೀಸ್ ತಡೆಗೆ ಕಾರಣ ಪಹಣಿ
ಸೋಲಾರ್ ಕಂಪನಿಗೆ ಜಮೀನು ಲೀಸಿಗೆ ಕೊಡಲು ಅಣ್ಣತಮ್ಮಂದಿರೆಲ್ಲ ಸಹಿ ಹಾಕಿದರೂ, ಊರಿನ ಬೇರೆಯವರದ್ದನ್ನು ಬಿಟ್ಟು ನಿಮ್ಮ ಜಮೀನಿನ ಲೀಸನ್ನಷ್ಟೇ ಕಂಪನಿ ತಡೆದಿದ್ದರೆ, ಪಹಣಿ ಇನ್ನೂ ತಾತನ ಹೆಸರಲ್ಲಿರುವುದೇ ಬಹುತೇಕ ಕಾರಣ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಪೌತಿ ಖಾತೆಗೆ (ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಅರ್ಜಿ ಕೊಡಿ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಡಲೇಬೇಡಿ. ತಕರಾರು ಏಳುವುದು ಅಲ್ಲೇ. ಖಾತೆಯಾದ ಮೇಲೆ ಪಹಣಿಯ 11ನೇ ಕಾಲಂ ನೋಡಿ. ಬೆಳೆಸಾಲ ನಮೂದಾಗಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ತನ್ನಿ. ಸರ್ವೆ ನಂಬರಿನಲ್ಲಿ ಒಂದು ಭಾಗವನ್ನಷ್ಟೇ ಕೊಡುವುದಾದರೆ ಕಂಪನಿಯವರು 11ಇ ನಕ್ಷೆಯನ್ನೂ (ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಕೇಳಬಹುದು.

ದರಖಾಸ್ತಿನಲ್ಲಿ, ಅಂದರೆ ಅರ್ಜಿಯ ಮೇಲೆ ಸರ್ಕಾರದಿಂದ ಮಂಜೂರಾದ ಜಮೀನಾದರೆ ದಾರಿ ಬೇರೆ: ಮೊದಲು ಮಂಜೂರಾತಿ ಷರತ್ತನ್ನು ತಾಲ್ಲೂಕು ಕಚೇರಿಯಲ್ಲಿ ತೆಗೆಸಿ ಓದಿ.

ಕರಾರಿನಲ್ಲಿ ಬಾಡಿಗೆ ಏರಿಕೆ ಬರೆಸಿಕೊಳ್ಳಿ. ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ. 5 ಏರುತ್ತದೆ. ಅವಧಿ ಮುಗಿದಾಗ ಕಾಂಕ್ರೀಟ್ ಬುನಾದಿ ಕಿತ್ತು ಕೊಡುವವರು ಯಾರು ಎಂಬುದೂ ಕರಾರಿನಲ್ಲೇ ಇರಲಿ.