ಕೋ-ಕ್ಯೂ 10 ತೆಗೆದುಕೊಂಡು ಸ್ಟ್ಯಾಟಿನ್ ಬಿಡಬಹುದೇ?

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ. ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಾರೆ. ಈಚೆಗೆ ತೊಡೆ, ಮೀನಖಂಡ ನೋವು. ಪರಿಚಯದವರೊಬ್ಬರು, ‘ಕೋ-ಕ್ಯೂ 10 ಕಮ್ಮಿಯಾಗುವುದೇ ಮುಪ್ಪಿಗೆ ಕಾರಣ. ಅದನ್ನು ಶುರು ಮಾಡಿ, ಸ್ಟ್ಯಾಟಿನ್ ಬಿಡಿ’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಸ್ಟ್ಯಾಟಿನ್ ನಿಲ್ಲಿಸಬೇಡಿ. ಮೊದಲು ಅದನ್ನು ಬರೆದುಕೊಟ್ಟ ವೈದ್ಯರನ್ನು ಕಾಣಿ.

ಕೋ-ಕ್ಯೂ 10 ನಮ್ಮ ಮೈಯೇ ತಯಾರಿಸಿಕೊಳ್ಳುವ ವಸ್ತು. ಜೀವಕೋಶದೊಳಗಿನ ಮೈಟೋಕಾಂಡ್ರಿಯಾದಲ್ಲಿ ಅದು ಎಲೆಕ್ಟ್ರಾನ್‌ಗಳನ್ನು ದಾಟಿಸುತ್ತದೆ. ಹಾಗೆ ದಾಟಿಸಿದರೇ ಉಂಡದ್ದು ಶಕ್ತಿಯಾಗುವುದು. ಸದಾ ದುಡಿಯುವ ಹೃದಯದಲ್ಲಿ ಇದು ಜಾಸ್ತಿ. 1957ರಲ್ಲಿ ವಿಜ್ಞಾನಿ ಫ್ರೆಡ್ರಿಕ್ ಕ್ರೇನ್ ಇದನ್ನು ಬೇರ್ಪಡಿಸಿದ್ದೂ ದನದ ಹೃದಯದಿಂದಲೇ.

ವಯಸ್ಸಾದಂತೆ ಹೃದಯದಲ್ಲಿ ಇದು ಇಳಿಯುತ್ತದೆ, ನಿಜ. ಹಾಗಂತ ಅದರಿಂದಲೇ ಮುಪ್ಪು ಎನ್ನಲಾಗದು. ಕೂದಲು ನರೆಯುವುದೂ ವಯಸ್ಸಿನ ಜೊತೆಗೇ ಅಲ್ವಾ? ಬಣ್ಣ ಹಚ್ಚಿದರೆ ವಯಸ್ಸು ಇಳಿಯುವುದಿಲ್ಲ. ವಯಸ್ಸಾದವರಲ್ಲೇ ಹೆಚ್ಚಾಗಿ ಕಾಣುವ, ಕೈಕಾಲು ನಡುಗಿಸುವ ಪಾರ್ಕಿನ್ಸನ್ ಕಾಯಿಲೆಗೆ ಕೋ-ಕ್ಯೂ 10 ಅನ್ನು ದಿನಕ್ಕೆ 1200 ಮತ್ತು 2400 ಮಿಲಿಗ್ರಾಂ ಕೊಟ್ಟು ನೋಡಿದರು. ಪ್ರಯೋಜನ ಕಾಣದೆ ಅಧ್ಯಯನವನ್ನೇ ನಿಲ್ಲಿಸಬೇಕಾಯಿತು. ಅಷ್ಟೊಂದು ರೋಗಿಗಳು ಆಸೆಯಿಟ್ಟು ಸೇರಿದ್ದರು, ಆ ಫಲಿತಾಂಶ ಓದಿದಾಗ ನನಗೆ ಬೇಸರವಾಗಿತ್ತು.

ಹೃದಯ ವೈಫಲ್ಯದಲ್ಲಿ, ಅಂದರೆ ಹೃದಯ ಸಾಕಷ್ಟು ರಕ್ತ ಒತ್ತಲಾಗದ ಸ್ಥಿತಿಯಲ್ಲಿ ಮಾತ್ರ ಕಥೆ ಬೇರೆ. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 420 ರೋಗಿಗಳಿದ್ದರು. ಮಾಮೂಲಿ ಔಷಧದ ಜೊತೆಗೆ 100 ಮಿಲಿಗ್ರಾಂ ದಿನಕ್ಕೆ ಮೂರು ಸಲ, ಎರಡು ವರ್ಷ ಕೊಟ್ಟರು. ಹೃದಯದ ದೊಡ್ಡ ತೊಂದರೆಗಳು ಇದನ್ನು ತೆಗೆದುಕೊಂಡವರಲ್ಲಿ 15%, ಉಳಿದವರಲ್ಲಿ 26%. ಚಿಕ್ಕ ಅಧ್ಯಯನವೇ, ಆದರೂ ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಗಮನಿಸಿ, ಯಾರೂ ಹಳೆಯ ಔಷಧ ಬಿಟ್ಟಿರಲಿಲ್ಲ.

ಇನ್ನು ನೋವಿನ ವಿಷಯ. ಕೊಲೆಸ್ಟ್ರಾಲ್ ಮತ್ತು ಕೋ-ಕ್ಯೂ 10 ಎರಡೂ ದೇಹದಲ್ಲಿ ಹುಟ್ಟುವ ದಾರಿ ಸ್ವಲ್ಪ ದೂರ ಒಂದೇ. ಸ್ಟ್ಯಾಟಿನ್ ಆ ದಾರಿಯನ್ನೇ ತಡೆಯುವುದರಿಂದ ರಕ್ತದಲ್ಲಿ ಎರಡೂ ಇಳಿಯುತ್ತವೆ. ಹಾಗಾದರೆ ಕೋ-ಕ್ಯೂ 10 ಮಾತ್ರೆ ನುಂಗಿದರೆ ನೋವು ಹೋಗಬೇಕಲ್ಲ? ಕೆಲವು ಅಧ್ಯಯನಗಳಲ್ಲಿ ಹೋಯಿತು, ಕೆಲವದರಲ್ಲಿ ಇಲ್ಲ. ಸುಮ್ನೆ ಅದರ ಮೇಲೆ ಭಾರ ಹಾಕಿ ಕೂರುವ ಬದಲು ಸಿಕೆ (ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆ) ಮತ್ತು ಥೈರಾಯ್ಡ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ನೋವು ಸ್ಟ್ಯಾಟಿನ್‌ನದ್ದೇ ಆದರೆ ಪ್ರಮಾಣ ಇಳಿಸಬಹುದು, ಬೇರೆ ಸ್ಟ್ಯಾಟಿನ್‌ಗೆ ಬದಲಾಯಿಸಬಹುದು. ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ವೈದ್ಯರು ಕೋ-ಕ್ಯೂ 10 ಆಗಬಹುದು ಎಂದರೆ ಊಟದ ಜೊತೆ ಕೊಡಿ, ಜಿಡ್ಡಿದ್ದರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ತಂದೆಯವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿಬಿಡಿ. ಕೋ-ಕ್ಯೂ 10 ಅದರ ಬಲವನ್ನು ಕುಗ್ಗಿಸಬಹುದು.