ಪಾಯಿಂಟ್ಸ್ ಡಯಟ್ಟಾ, ಕ್ಯಾಲರಿ ಲೆಕ್ಕವಾ?

ಪಾಯಿಂಟ್ಸ್ ಸರಿಯಾಗಿ ಇಟ್ಕೊಂಡ್ರೂ ತೂಕ ಇಳೀತಾ ಇಲ್ಲ, ಕ್ಯಾಲರಿಗೆ ಹೋಗ್ಲಾ ಅಂತ ಕೇಳಿದ್ದೀರಲ್ಲ, ಕಾರಣ ಹೆಚ್ಚಾಗಿ ತೆಂಗಿನಕಾಯಿ ಮತ್ತೆ ಎಣ್ಣೆಯೇ ಇರ್ಬೇಕು. ವೆಯ್ಟ್ ವಾಚರ್ಸ್ ಅನ್ನುವ ತೂಕ ಇಳಿಸುವ ಪ್ರೋಗ್ರಾಮಿನ ತರದ ಪಾಯಿಂಟ್ಸಲ್ಲಿ ಕ್ಯಾಲರಿ, ಸಕ್ಕರೆ, ಸ್ಯಾಚುರೇಟೆಡ್ ಫ್ಯಾಟ್, ಪ್ರೋಟೀನ್ ಎಲ್ಲ ಸೇರಿಸಿ ಒಂದೊಂದು ತಿನಿಸಿಗೂ ಒಂದು ನಂಬರ್ ಕೊಡ್ತಾರೆ, ಪ್ಯಾಕೆಟ್ ತಿಂಡಿಗೆ ಅದು ಸುಲಭ, ಆದ್ರೆ ನಮ್ಮ ಮನೆಯ ಕೋರಿ ಗಸಿಗೆ (ತೆಂಗಿನಕಾಯಿ ಹಾಕಿದ ಕೋಳಿ ಸಾರಿಗೆ) ಅಂದಾಜಲ್ಲೇ ಹಾಕ್ಬೇಕಾಗ್ತದೆ. ಮೇಲಿಂದ ಸೊನ್ನೆ ಪಾಯಿಂಟ್ ಅಂತ ತಿನ್ನುವ ಒಂದೊಂದು ಬಾಳೆಹಣ್ಣಲ್ಲೂ ಸುಮಾರು 100 ಕ್ಯಾಲರಿ ಉಂಟು.

ನಾನಾದ್ರೆ ಕ್ಯಾಲರಿಗೇ ಬರ್ತೇನೆ. ಮೊದ್ಲು ಅಡುಗೆಮನೆಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ತಗೊಳ್ಳಿ. ಒಂದು ವಾರ ಏನೂ ಕಡಿಮೆ ಮಾಡ್ಬೇಡಿ, ತಿಂದದ್ದೆಲ್ಲ ಬರ್ದಿಡಿ ಅಷ್ಟೆ. ಗಸಿಗೆ ಕಡೆಯುವ ಮೊದ್ಲು ಕಾಯಿತುರಿ ತೂಗಿ, 100 ಗ್ರಾಮಿಗೆ ಸುಮಾರು 350 ಕ್ಯಾಲರಿ, ಒಗ್ಗರಣೆ ಎಣ್ಣೆ ಬಾಟ್ಲಿಯಿಂದ ಸೀದಾ ಸುರೀಬೇಡಿ, ಟೇಬಲ್ ಸ್ಪೂನಲ್ಲಿ ಅಳೀರಿ, ಒಂದಕ್ಕೆ 120 ಹತ್ರ ಬರ್ತದೆ, ಆಮೇಲೆ ನಿಮ್ಮ ಪಾಲಿಗೆ ಎಷ್ಟು ಅಂತ ಭಾಗ ಮಾಡಿ. ಕುಚ್ಚಲಕ್ಕಿ ಬೇಯಿಸೋ ಮೊದ್ಲೇ ತೂಗಿ, ಅನ್ನ ಆದ್ಮೇಲೆ ನೀರು ಸೇರಿ ಲೆಕ್ಕ ತಪ್ತದೆ.

ಎರಡನೇ ವಾರದಿಂದ ದಿನಕ್ಕೆ 300-400 ಕ್ಯಾಲರಿ ಕಡಿಮೆ ಮಾಡಿ ಮೂರ್ನಾಲ್ಕು ವಾರ ನೋಡಿ. ಶುಗರಿಗೆ ಮಾತ್ರೆ ತಗೊಳ್ತಿದ್ರೆ ಡಾಕ್ಟ್ರನ್ನ ಕೇಳಿಯೇ ಶುರು ಮಾಡಿ.